ಪ್ರೆಸ್ಲರ್ ತಿದ್ದುಪಡಿ

ಪ್ರೆಸ್ಲರ್ ತಿದ್ದುಪಡಿಯು ಅಮೆರಿಕ ಸಂಯುಕ್ತ ಸಂಸ್ಥಾನದ ವಿದೇಶಿ ನೆರವು ಕಾಯಿದೆಗೆ 1985ರಲ್ಲಿ ಸೇರಿಸಲಾದ ಒಂದು ವಿಧಿ. ಪಾಕಿಸ್ತಾನದ ಬಳಿ ಅಣ್ವಸ್ತ್ರವಿಲ್ಲವೆಂದೂ, ನೀಡಲಿರುವ ನೆರವಿನಿಂದ ಅದು ಅಣ್ವಸ್ತ್ರ ಪಡೆಯುವ ಅಪಾಯ ಗಣನೀಯವಾಗಿ ತಗ್ಗುವುದೆಂದೂ ಅಧ್ಯಕ್ಷರು ಪ್ರತಿವರ್ಷ ಲಿಖಿತವಾಗಿ ದೃಢೀಕರಿಸಿದರೆ ಮಾತ್ರ ಆ ದೇಶಕ್ಕೆ ನೆರವು ಸಲ್ಲಬಹುದೆಂದು ಇದು ವಿಧಿಸಿತು. ದಕ್ಷಿಣ ಡಕೋಟ ರಾಜ್ಯದ ಸೆನೆಟರ್ ಲ್ಯಾರಿ ಪ್ರೆಸ್ಲರ್ ಅವರಿಂದ ಇದಕ್ಕೆ ಈ ಹೆಸರು ಬಂದಿದೆ. ಬಲಿಷ್ಠ ರಾಷ್ಟ್ರವೊಂದು ಸಾರುವ ತತ್ತ್ವಕ್ಕೂ ಅದರ ಸ್ವಹಿತಕ್ಕೂ ಇರುವ ಸಂಬಂಧವನ್ನು ಚರ್ಚಿಸುವಾಗ ಈ ತಿದ್ದುಪಡಿಯನ್ನು ಉದಾಹರಿಸುವುದುಂಟು.

ಹಿನ್ನೆಲೆ

1974ರಲ್ಲಿ ಭಾರತವು ಪೋಖ್ರಾನ್‌ನಲ್ಲಿ ಅಣುಪರೀಕ್ಷೆ ನಡೆಸಿದ ಬಳಿಕ ಅಮೆರಿಕದ ಕಾಂಗ್ರೆಸ್ಸು ಅಣ್ವಸ್ತ್ರ ಪ್ರಸರಣವನ್ನು ತಡೆಯುವ ಕಾನೂನುಗಳನ್ನು ಬಿಗಿಗೊಳಿಸಿತು. ಅವುಗಳಲ್ಲೊಂದಾದ 1976ರ ಸೈಮಿಂಗ್ಟನ್ ತಿದ್ದುಪಡಿಯನ್ವಯ, ಕಹೂಟದಲ್ಲಿ ಯುರೇನಿಯಂ ಸಂವರ್ಧನೆಗೆ ತೊಡಗಿದ್ದ ಪಾಕಿಸ್ತಾನಕ್ಕೆ ನೀಡುತ್ತಿದ್ದ ನೆರವನ್ನು ಅಧ್ಯಕ್ಷ ಜಿಮ್ಮಿ ಕಾರ್ಟರ್ 1979ರ ಏಪ್ರಿಲ್‌ನಲ್ಲಿ ನಿಲ್ಲಿಸಿದರು. ಅದೇ ಡಿಸೆಂಬರಿನಲ್ಲಿ ಸೋವಿಯತ್ ಸೈನ್ಯ ಅಫ್ಘಾನಿಸ್ತಾನವನ್ನು ಹೊಕ್ಕಿತು. ಕೆಲವೇ ವಾರಗಳಲ್ಲಿ ಕಾರ್ಟರ್ 40 ಕೋಟಿ ಡಾಲರುಗಳ ನೆರವನ್ನು ಮುಂದಿಟ್ಟರು. ಜನರಲ್ ಜಿಯಾ ಉಲ್ ಹಕ್ ಅದನ್ನು 'ಕಡಲೆಕಾಯಿ' ಎಂದು ತಳ್ಳಿಹಾಕಿದರು; ಕಾರ್ಟರ್ ಸ್ವತಃ ಕಡಲೆಕಾಯಿ ಬೆಳೆಗಾರರಾಗಿದ್ದುದರಿಂದ ಆ ಮಾತಿಗೆ ಇಮ್ಮಡಿ ಮೊನೆಯಿತ್ತು. 1981ರಲ್ಲಿ ರೊನಾಲ್ಡ್ ರೇಗನ್ ಸರ್ಕಾರವು ಸೈಮಿಂಗ್ಟನ್ ನಿರ್ಬಂಧದಿಂದ ಪಾಕಿಸ್ತಾನಕ್ಕೆ ವಿನಾಯಿತಿ ಪಡೆದು, ಆರು ವರ್ಷಗಳಿಗೆ 320 ಕೋಟಿ ಡಾಲರುಗಳ ನೆರವನ್ನು ಗೊತ್ತುಮಾಡಿತು. 40 ಎಫ್-16 ಯುದ್ಧವಿಮಾನಗಳ ಮಾರಾಟಕ್ಕೂ ಒಪ್ಪಿತು.

ರಚನೆ

ಪಾಕಿಸ್ತಾನವನ್ನು ದಂಡಿಸುವ ಕಾನೂನೆಂದೇ ಇದು ಜನಮನದಲ್ಲಿ ಉಳಿದಿದೆ. ವಾಸ್ತವದಲ್ಲಿ ನೆರವನ್ನು ಉಳಿಸಿಕೊಳ್ಳಲೆಂದೇ ಇದು ಹುಟ್ಟಿತು. ಸೆನೆಟರುಗಳಾದ ಅಲನ್ ಕ್ರಾನ್‌ಸ್ಟನ್ ಮತ್ತು ಜಾನ್ ಗ್ಲೆನ್ ಮಂಡಿಸಿದ್ದ ಇನ್ನೂ ಕಠಿಣವಾದ ಷರತ್ತಿಗೆ ಬದಲಾಗಿ, ಸರ್ಕಾರಕ್ಕೆ ಒಪ್ಪಿಗೆಯಾಗಬಲ್ಲ ಸೌಮ್ಯ ರೂಪವಾಗಿ ಇದು ಸಿದ್ಧವಾಯಿತು. ಕಾನೂನಿನ ತಿರುಳು ಅಣ್ವಸ್ತ್ರವನ್ನು 'ಹೊಂದಿರುವುದು' ಎಂಬ ಒಂದು ಕ್ರಿಯಾಪದದಲ್ಲಿತ್ತು. ಬಾಂಬನ್ನು ತಯಾರಿಸುವ ಸಾಮರ್ಥ್ಯವನ್ನು ಗಳಿಸಿ, ಬಿಡಿಭಾಗಗಳನ್ನು ಜೋಡಿಸದೆ ಇಟ್ಟುಕೊಂಡ ದೇಶವು ಬಾಂಬನ್ನು 'ಹೊಂದಿಲ್ಲ'ವೆಂದು ವಾದಿಸಲು ಇದರಲ್ಲಿ ಅವಕಾಶವಿತ್ತು.

ದೃಢೀಕರಣ ಮತ್ತು ನಿರಾಕರಣೆ

ರೇಗನ್ ಪ್ರತಿವರ್ಷವೂ ದೃಢೀಕರಣಕ್ಕೆ ಸಹಿ ಹಾಕಿದರು. ತನ್ನ ದೇಶ ಬೇಕೆಂದಾಗ ಬಾಂಬು ತಯಾರಿಸಬಲ್ಲದೆಂದು 1987ರಲ್ಲಿ ಜಿಯಾ ಅವರೇ 'ಟೈಮ್' ಪತ್ರಿಕೆಗೆ ತಿಳಿಸಿದ ಮೇಲೂ ಈ ಕ್ರಮ ನಿಲ್ಲಲಿಲ್ಲ. ಅಫ್ಘನ್ ಮುಜಾಹಿದೀನರಿಗೆ ಶಸ್ತ್ರಾಸ್ತ್ರಗಳು ತಲುಪುತ್ತಿದ್ದುದು ಪಾಕಿಸ್ತಾನದ ಮೂಲಕವೇ. 1989ರ ಫೆಬ್ರವರಿ 15ರಂದು ಕೊನೆಯ ಸೋವಿಯತ್ ತುಕಡಿ ಅಫ್ಘಾನಿಸ್ತಾನವನ್ನು ತೊರೆಯಿತು. ಆ ವರ್ಷ ಇನ್ನೊಮ್ಮೆ ದೃಢೀಕರಿಸಿದ ಜಾರ್ಜ್ ಎಚ್. ಡಬ್ಲ್ಯು. ಬುಷ್, 1990ರ ಅಕ್ಟೋಬರಿನಲ್ಲಿ ನಿರಾಕರಿಸಿದರು. ನೆರವು ನಿಂತಿತು.

ಆ ಹೊತ್ತಿಗೆ ಪಾಕಿಸ್ತಾನದ ಕಾರ್ಯಕ್ರಮವು ಬಹಳ ಮುಂದೆ ಸಾಗಿದ್ದರಿಂದ ದೃಢೀಕರಣ ಅಸಾಧ್ಯವಾಗಿತ್ತೆಂಬುದು ಅಮೆರಿಕದ ಸಮರ್ಥನೆ. ತನ್ನ ಉಪಯೋಗ ತೀರಿದಾಗಲಷ್ಟೇ ಅಮೆರಿಕಕ್ಕೆ ತತ್ತ್ವ ನೆನಪಾಯಿತೆಂಬುದು ಪಾಕಿಸ್ತಾನದ ದೂರು. ಎರಡರಲ್ಲೂ ಸತ್ಯಾಂಶವಿದೆ, ಆದರೆ ಹಿಂದಿನ ವರ್ಷಗಳ ಗುಪ್ತಚರ ಮಾಹಿತಿಯೂ ಆತಂಕಕಾರಿಯಾಗಿಯೇ ಇದ್ದುದರಿಂದ, ಮೊದಲ ವಾದವೊಂದರಿಂದಲೇ 1990ರ ನಿರ್ಧಾರವನ್ನು ವಿವರಿಸುವುದು ಕಷ್ಟ.

ಎಫ್-16 ವಿವಾದ

ನಿರಾಕರಣೆಯ ಪರಿಣಾಮವಾಗಿ, ಪಾಕಿಸ್ತಾನ ನಂತರದ ಒಪ್ಪಂದದಲ್ಲಿ ಹಣ ತೆತ್ತಿದ್ದ 28 ಎಫ್-16 ವಿಮಾನಗಳು ಅರಿಜೋನಾದ ಮರುಭೂಮಿಯಲ್ಲಿ ಉಳಿದವು. ಸುಮಾರು 65 ಕೋಟಿ ಡಾಲರು ಪಾವತಿಯಾಗಿತ್ತು. ವಿಮಾನವೂ ಇಲ್ಲ, ಹಣವೂ ಇಲ್ಲ ಎಂಬ ಸ್ಥಿತಿ ಹಲವು ವರ್ಷ ಮುಂದುವರಿಯಿತು. 1995ರ ಬ್ರೌನ್ ತಿದ್ದುಪಡಿಯು ನಿರ್ಬಂಧವನ್ನು ಭಾಗಶಃ ಸಡಿಲಿಸಿತಾದರೂ ವಿಮಾನಗಳನ್ನು ಬಿಡಿಸಲಿಲ್ಲ. ಉಳಿದಿದ್ದ ಬಾಕಿಯನ್ನು ನಗದು ಹಾಗೂ ಗೋಧಿ ಮುಂತಾದ ಸರಕುಗಳ ರೂಪದಲ್ಲಿ ತೀರಿಸಲು ಬಿಲ್ ಕ್ಲಿಂಟನ್ ಸರ್ಕಾರ 1998ರ ಕೊನೆಯಲ್ಲಿ ಒಪ್ಪಿತು.

ನಂತರದ ಬೆಳವಣಿಗೆಗಳು

1998ರ ಮೇ ತಿಂಗಳಲ್ಲಿ ಭಾರತ ಮತ್ತು ಪಾಕಿಸ್ತಾನಗಳೆರಡೂ ಅಣುಪರೀಕ್ಷೆ ನಡೆಸಿದಾಗ ಅಮೆರಿಕ ಎರಡೂ ದೇಶಗಳ ಮೇಲೆ ನಿರ್ಬಂಧ ಹೇರಿತು. 2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ ಎರಡು ವಾರಗಳೊಳಗೆ ಇಬ್ಬರಿಗೂ ವಿನಾಯಿತಿ ದೊರೆಯಿತು. ಅಫ್ಘಾನಿಸ್ತಾನ ಮತ್ತೆ ಮುಖ್ಯವಾಗಿತ್ತು. ಅಣ್ವಸ್ತ್ರ ಪ್ರಸರಣ ನಿಷೇಧ ಒಪ್ಪಂದಕ್ಕೆ ಸಹಿ ಹಾಕದ ಭಾರತಕ್ಕೂ ಮುಂದೆ ಇದೇ ಬಗೆಯ ಹೊಂದಾಣಿಕೆಯ ಲಾಭ ಸಿಕ್ಕಿತು: ಅಮೆರಿಕದ ಒತ್ತಾಸೆಯಿಂದ ಪರಮಾಣು ಪೂರೈಕೆದಾರರ ಗುಂಪು 2008ರ ಸೆಪ್ಟೆಂಬರಿನಲ್ಲಿ ಭಾರತಕ್ಕೆ ವಿನಾಯಿತಿ ನೀಡಿತು.

ಅಣುತಂತ್ರಜ್ಞಾನವನ್ನು ಇತರ ದೇಶಗಳಿಗೆ ರವಾನಿಸಿದ್ದನ್ನು ಪಾಕಿಸ್ತಾನದ ವಿಜ್ಞಾನಿ ಅಬ್ದುಲ್ ಖದೀರ್ ಖಾನ್ 2004ರ ಫೆಬ್ರವರಿಯಲ್ಲಿ ದೂರದರ್ಶನದಲ್ಲಿ ಒಪ್ಪಿಕೊಂಡರು. ಅದೇ ವರ್ಷದ ಜೂನ್‌ನಲ್ಲಿ ಅಮೆರಿಕ ಪಾಕಿಸ್ತಾನವನ್ನು ನ್ಯಾಟೋ ಹೊರಗಿನ ಪ್ರಮುಖ ಮಿತ್ರರಾಷ್ಟ್ರವೆಂದು ಘೋಷಿಸಿತು. 2005ರ ಮಾರ್ಚ್‌ನಲ್ಲಿ, ಆ ದೇಶಕ್ಕೆ ಎಫ್-16 ಮಾರಾಟವನ್ನು ಪುನರಾರಂಭಿಸುವುದಾಗಿ ಪ್ರಕಟಿಸಿತು.