ಎಂಟು ಪಾಲು ಹೊಳೆನೀರು

ಸಣ್ಣ ಊರಿನ ಚರಂಡಿ ನೀರು ಶುದ್ಧೀಕರಣ ಘಟಕಕ್ಕೆ ಹೋದರೆ ಅಲ್ಲಿನವರ ಬಾಯಲ್ಲಿ ಒಂದು ಅಂಕಿ ಕೇಳಿಬರುತ್ತದೆ: ಬಿಓಡಿ 30. ನೀರಲ್ಲಿ ಉಳಿದ ಕೊಳೆಯನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸಲು ಎಷ್ಟು ಆಮ್ಲಜನಕ ಹೀರುತ್ತವೆ ಎಂಬ ಅಳತೆಯೇ ಬಿಓಡಿ. ಅದು ಏರಿದಷ್ಟೂ ಮೀನಿಗೆ ಉಸಿರಾಟ ಕಷ್ಟ. ಹೊಳೆಗೆ ಬಿಡುವ ನೀರಿನಲ್ಲಿ ಅದು ಲೀಟರಿಗೆ 30 ಮಿಲಿಗ್ರಾಂ ಮೀರಬಾರದು. ಈ ಅಂಕಿಯ ಮೂಲ ಹುಡುಕುತ್ತಾ ಹೋದ ನಾನು ತಲುಪಿದ್ದು ಇಂಗ್ಲೆಂಡಿಗೆ.

ಚರಂಡಿ ನೀರನ್ನು ಏನು ಮಾಡಬೇಕೆಂದು ವಿಚಾರಿಸಲು ಬ್ರಿಟಿಷ್ ಸರಕಾರ 1898ರಲ್ಲಿ ರಾಯಲ್ ಕಮಿಷನ್ ಒಂದನ್ನು ನೇಮಿಸಿತು. 1912ರಲ್ಲಿ ಬಂದ ಅದರ ಎಂಟನೆಯ ವರದಿ ಇಂದಿನ ಅಳತೆಯಲ್ಲಿ ಹೇಳುವುದಾದರೆ ಬಿಓಡಿ 20, ತೇಲಾಡುವ ಕಣಗಳು 30 ಎಂದು ಮಿತಿ ಹಾಕಿತು. ಇದರ ಬೆನ್ನಿಗೊಂದು ಷರತ್ತಿತ್ತು. ಒಂದು ಪಾಲು ಚರಂಡಿ ನೀರಿಗೆ ಎಂಟು ಪಾಲು ಶುದ್ಧ ಹೊಳೆನೀರು ಸೇರಬೇಕು. ಲೆಕ್ಕ ಸರಳವಾಗಿದೆ. ಶುದ್ಧ ಹೊಳೆಯ ಬಿಓಡಿ 2. ಅದು 4 ದಾಟದಿದ್ದರೆ ಹೊಳೆ ಕೆಡುವುದಿಲ್ಲ. ಎಂಟು ಪಾಲಿನ 16ಕ್ಕೆ ಚರಂಡಿಯ 20 ಕೂಡಿಸಿದರೆ 36. ಒಂಬತ್ತು ಪಾಲಿಗೆ ಹಂಚಿದರೆ ಸರಿಯಾಗಿ 4.

ಮಿತಿ ಬಂದ ಎರಡೇ ವರ್ಷದಲ್ಲಿ ಅದನ್ನು ಮುಟ್ಟುವ ದಾರಿಯೂ ಸಿಕ್ಕಿತು. ಮ್ಯಾಂಚೆಸ್ಟರಿನ ಡೇವಿಹಲ್ಮ್ ಘಟಕದ ಆರ್ಡರ್ನ್ ಮತ್ತು ಲಾಕೆಟ್ ಚರಂಡಿ ನೀರಿಗೆ ಗಾಳಿ ಊದಿದರು, ತಳದಲ್ಲಿ ಕೂತ ಕೆಸರನ್ನು ಚೆಲ್ಲದೆ ಮುಂದಿನ ನೀರಿಗೆ ಮತ್ತೆ ಸೇರಿಸಿದರು. ಮೊಸರಿಗೆ ಹೆಪ್ಪು ಉಳಿಸಿಕೊಂಡ ಹಾಗೆ. 1914ರ ಏಪ್ರಿಲ್‌ನಲ್ಲಿ ಅವರು ಇದನ್ನು ಪ್ರಕಟಿಸಿದರು. ಇಂದಿಗೂ ನಮ್ಮ ಎಷ್ಟೋ ಘಟಕಗಳು ನಡೆಯುವುದು ಇದೇ ಕ್ರಮದಲ್ಲಿ. ಅವರ ಮಾರ್ಗದರ್ಶಕರಾಗಿದ್ದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಇಂದಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಪ್ರಾಧ್ಯಾಪಕರಾಗಿ ಬಂದರು.

ಅಂಕಿಯೂ ಬಂತು. 1973ರ ಭಾರತೀಯ ಮಾನಕದಲ್ಲಿ ಅದೇ 20-30ರ ಜೋಡಿ ಇದೆ. 1993ರ ಸಾಮಾನ್ಯ ನಿಯಮದಲ್ಲಿ ಬಿಓಡಿ 30 ಆಯಿತು. 2017ರಲ್ಲಿ ಮಹಾನಗರಗಳಿಗೆ 20, ಉಳಿದ ಊರುಗಳಿಗೆ 30. 2019ರಲ್ಲಿ ಹಸಿರು ನ್ಯಾಯಮಂಡಳಿ 10 ಇರಲಿ ಎಂದಿತು. ನಮ್ಮ ಸೆಕೆಗೆ ತಕ್ಕಂತೆ ಪರೀಕ್ಷೆಯನ್ನೂ ಬದಲಾಯಿಸಿಕೊಂಡೆವು: ಐದು ದಿನದ ಬದಲು 27 ಡಿಗ್ರಿಯಲ್ಲಿ ಮೂರು ದಿನ. ಎಂಟು ಪಾಲು ಹೊಳೆನೀರಿನ ಮಾತು ಮಾತ್ರ ದಾರಿಯಲ್ಲೇ ಬಿದ್ದುಹೋಯಿತು.

ನಾನಿರುವ ಪುಣೆಯಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಬೇಸಿಗೆಯಲ್ಲಿ ಖಡಕ್‌ವಾಸ್ಲಾ ಅಣೆಕಟ್ಟಿನ ನೀರು ಕಾಲುವೆಗೂ ನಗರದ ನಲ್ಲಿಗಳಿಗೂ ಹೋಗುತ್ತದೆ. ಕೆಳಗಿನ ಮುಠಾ ಹೊಳೆಯಲ್ಲಿ ಹರಿಯುವುದು ಹೆಚ್ಚಾಗಿ ಊರು ಬಳಸಿ ಬಿಟ್ಟ ನೀರೇ. ಅದಷ್ಟೂ ಶುದ್ಧೀಕರಣಗೊಂಡು 30ಕ್ಕೆ ಇಳಿದಿದೆ ಎಂದೇ ಇಟ್ಟುಕೊಳ್ಳೋಣ. ಬೆರೆಯಲು ಬೇರೆ ನೀರಿಲ್ಲದ ಮೇಲೆ ಹೊಳೆಯ ಬಿಓಡಿಯೂ 30 ಆಗುತ್ತದೆ. ಸ್ನಾನಕ್ಕೆ ಯೋಗ್ಯವೆನ್ನಲು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೇಳುವ ಮಿತಿ 3. ಘಟಕದವರು ಕಾನೂನು ಪಾಲಿಸಿದ್ದಾರೆ. ಹೊಳೆ ಮಾತ್ರ ಹತ್ತು ಪಟ್ಟು ಕೆಟ್ಟಿದೆ.

ಈ ನೀರು ಮುಳಾ-ಮುಠಾ ಆಗಿ ಭೀಮೆಯನ್ನು ಸೇರಿ, ಉಜನಿ ಜಲಾಶಯ ಹೊಕ್ಕು, ಪಂಢರಪುರ ದಾಟಿ ನಮ್ಮ ಅಫಜಲಪುರದ ಕಡೆಗೆ ಹೋಗುತ್ತದೆ. ಗಾಣಗಾಪುರದ ಸಂಗಮದಲ್ಲಿ ಭಕ್ತರು ಮುಳುಗೇಳುವುದು ಇದೇ ಭೀಮೆಯಲ್ಲಿ. ದಾರಿಯುದ್ದಕ್ಕೂ ಹೊಳೆ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ, ನಿಜ. ಆದರೆ ಅದಕ್ಕೆ ಹರಿವು ಬೇಕು, ದಂಡೆಯ ಊರುಗಳು ತಮ್ಮ ಪಾಲಿನ ಕೊಳೆ ಸೇರಿಸುತ್ತಲೇ ಇರಬಾರದು.

30 ಸಾಕೋ 10 ಬೇಕೋ ಎಂಬ ವಾದ ನಡೆಯಲಿ. ಅದರ ಜೊತೆಗೆ, ಬೇಸಿಗೆಯಲ್ಲಿ ಹೊಳೆಗೆಂದು ಅಣೆಕಟ್ಟಿನಿಂದ ಎಷ್ಟು ನೀರು ಬಿಡುತ್ತೀರಿ ಎಂದೂ ಕೇಳಬೇಕು. ಬಿಡಲು ನೀರೇ ಇಲ್ಲವೆಂದಾದರೆ, ಘಟಕದ ನೀರನ್ನು ಆ ತಿಂಗಳುಗಳಲ್ಲಿ ಹೊಳೆಗೆ ಹಾಕದೆ ಮರುಬಳಕೆಗೆ ತಿರುಗಿಸಬೇಕು. 1912ರ ಕಮಿಷನ್ ಹೊಳೆಯನ್ನು ಲೆಕ್ಕಕ್ಕೆ ಹಿಡಿದ ಮೇಲೆಯೇ ಅಂಕಿ ಬರೆದಿತ್ತು.