ಕಟ್ಟಿಗೆ ಮೇಲಿನ ಮಿಂಚು, ಬೆರಳಿನ ಮೇಲಿನ ಕಲೆ

ಮಾದನಹಿಪ್ಪರಗಾದಿಂದ ಮಾತಾಡ್ತಿದ್ದೀನಿ. ಇವತ್ತಿನ ವಿಷಯ ವಾರ್ನಿಶ್. ಬೋರ್ ಅನಿಸಿದ್ರೂ ಎರಡು ನಿಮಿಷ ಕೇಳ್ರಿ. ವೋಟು ಹಾಕಿದಾಗ ನಿಮ್ಮ ಬೆರಳಿಗೆ ಹಚ್ಚೋ ಶಾಯಿ ಬರೋದು ಒಂದು ವಾರ್ನಿಶ್ ಕಾರ್ಖಾನೆಯಿಂದ.

1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಅದನ್ನ ಶುರು ಮಾಡಿಸಿದರು. ಆಗ ಹೆಸರು ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. ಲ್ಯಾಕ್ ಅಂದ್ರೆ ಅರಗು. ಪಾಂಡವರನ್ನ ಸುಡ್ಲಿಕ್ಕೆ ಕಟ್ಟಿಸಿದ್ದ ಅರಗಿನ ಮನೆ ಕೇಳೀರಲ್ಲ, ಅದೇ ಅರಗು. ಸಣ್ಣ ಹುಳಗಳು ಮರದ ಕೊಂಬೆಗೆ ಕಚ್ಚಿಕೊಂಡು, ರಸ ಹೀರಿ, ಮೈಮೇಲೆ ಕಟ್ಟಿಕೊಳ್ಳೋ ಅಂಟು. ಅದನ್ನ ಕರಗಿಸಿ, ಸೋಸಿ, ತೆಳ್ಳಗೆ ಎಳೆದು ಒಡೆದ್ರೆ ಶೆಲ್ಲಾಕ್. ಹಳೇ ಗ್ರಾಮೊಫೋನ್ ತಟ್ಟೆಗಳಿಗೂ ಇದೇ ಬೇಕಿತ್ತು. ಪಾಡ್‌ಕಾಸ್ಟ್ ಮಾಡೋರು ಇದನ್ನ ಹೇಳದೆ ಬಿಡ್ಲಿಕ್ಕಾಗಲ್ಲ.

ಕಟ್ಟಿಗೆಗೆ ಇದನ್ನ ಹಚ್ಚೋದು ತಾಳ್ಮೆ ಕೆಲಸ. ಮೊದಲು ಉಪ್ಪುಕಾಗದದಿಂದ ಮರದ ಎಳೆ ಹಿಡಿದು ಉಜ್ಜಬೇಕು. ಅಡ್ಡ ಉಜ್ಜಿದ್ರೆ ಬಿದ್ದ ಗೀರು ಪಾಲಿಶ್ ಆದಮೇಲೆ ಇನ್ನೂ ಎದ್ದು ಕಾಣ್ತದ. ಶೆಲ್ಲಾಕನ್ನ ಸ್ಪಿರಿಟ್‌ನಲ್ಲಿ ಕರಗಿಸಿ, ಬಟ್ಟೆಯಲ್ಲಿ ಸುತ್ತಿದ ಹತ್ತಿ ಉಂಡೆಯಿಂದ ತೆಳ್ಳಗೆ ಸವರಬೇಕು. ಕೈ ಒಂದೇ ಕಡೆ ನಿಂತರೆ ಕೆಟ್ಟಿತು: ಹೊಸ ಸ್ಪಿರಿಟ್ ಕೆಳಗಿನ ಪದರನ್ನೇ ಕರಗಿಸಿ ಎಬ್ಬಿಸ್ತದ. ಹಂಗಾಗಿ ಒಂದರ ಮೇಲೊಂದು ತೆಳು ಪದರ, ಹತ್ತಾರು ಸಲ.

ಚನ್ನಪಟ್ಟಣದ ಗೊಂಬೆಗೆ ಸ್ಪಿರಿಟ್ಟೂ ಬೇಡ. ತಿರುಗೋ ಆಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿದ್ರೆ, ತಿಕ್ಕಾಟದ ಬಿಸಿಗೇ ಕರಗಿ ಹತ್ತಿಕೊಳ್ತದ. ಮೇಲೆ ತಾಳೆಗರಿ ಒತ್ತಿ ನುಣುಪು ತರ್ತಾರ.

ಹಂಗಾದ್ರೆ ಮೇಜು ಕುರ್ಚಿಯಿಂದ ಅರಗು ಯಾಕೆ ಹೋಯ್ತು? ಬಿಸಿ ಚಹಾ ಕಪ್ ಇಟ್ರೆ ಬಿಳಿ ಉಂಗುರ ಬೀಳ್ತದ. ಮತ್ತೆ ಕೂಲಿ. ನಾನು ಬಿ.ಕಾಂ., ಲೆಕ್ಕ ಬಿಡಲ್ಲ: ಇಲ್ಲಿ ಸಾಮಾನಿಗಿಂತ ಕೈಯ ಸಮಯ ದುಬಾರಿ. ಗನ್‌ನಿಂದ ಹೊಡೆಯೋ ಮೆಲಮೈನ್, ಪಿಯು ಬೇಗ ಮುಗೀತದ, ನೀರು ತಡೀತದ. ಬಡಿಗೇರರನ್ನ ದೂರೋದು ನ್ಯಾಯ ಅಲ್ಲ. ಆದ್ರೆ ಇನ್ನೊಂದು ಲೆಕ್ಕ ನಾವು ಹಾಕೋದೇ ಇಲ್ಲ. ಅರಗಿನ ಪಾಲಿಶ್ ಗೀರಿದ್ರೆ ಮೇಲೆ ಮತ್ತೊಂದು ಕೈ ಸವರಿದ್ರಾಯ್ತು, ಹಳೇದು ಹೊಸದರೊಳಗೆ ಕರಗಿ ಕೂಡ್ತದ. ಪಿಯು ಎದ್ರೆ ಕೆರೆದು ಮತ್ತೆ ಮೊದಲಿಂದ.

ಮೈಸೂರಿನ ಕಾರ್ಖಾನೆಗೆ 1962ರ ಲೋಕಸಭಾ ಚುನಾವಣೆಯಲ್ಲಿ ಅಳಿಸಲಾಗದ ಶಾಯಿ ಕೈಹಿಡೀತು. 1989ರಲ್ಲಿ ಅದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್ ಆಯ್ತು. ಹೆಸರಿನಿಂದ ಲ್ಯಾಕ್ ಬಿತ್ತು. ಮುದ್ರೆ ಒತ್ತೋ ಅರಗು ಈಗಲೂ ಮಾಡ್ತಾರ. ಜನರಿಗೆ ಗೊತ್ತಿರೋದು ಮಾತ್ರ ಆ ನೇರಳೆ ಶಾಯಿ, ಸಿಲ್ವರ್ ನೈಟ್ರೇಟಿನದು, ಉಗುರು ಬೆಳೆದು ಹೋಗೋ ತನಕ ಇರೋದು.