ಒಂದು ಬಲ್ಬಿನ ಲೆಕ್ಕ

ನಮ್ಮ ಶಾಲೆಯ ಐವತ್ತು ವರ್ಷಗಳ ವಿದ್ಯಾರ್ಥಿಗಳನ್ನು ಸಾಲಾಗಿ ನಿಲ್ಲಿಸಿ, ಯಾವ ಬೆಳಕಿನಲ್ಲಿ ಓದಿದಿರಿ ಎಂದು ಕೇಳಿದರೆ ಒಂದು ಇತಿಹಾಸವೇ ಸಿಗುತ್ತದೆ. ಮೊದಲಿನವರು ಕಂದೀಲು, ಚಿಮಣಿ ಎನ್ನುತ್ತಾರೆ. ನಡುವಿನವರು ಭಾಗ್ಯಜ್ಯೋತಿಯ ಬಲ್ಬು ಎನ್ನುತ್ತಾರೆ. ಈಗಿನ ಮಕ್ಕಳಿಗೆ ಈ ಪ್ರಶ್ನೆಯೇ ವಿಚಿತ್ರ ಅನಿಸಬಹುದು.

ಆದರೆ ನಮ್ಮ ಭಾಗ ಕರೆಂಟು ಕಾಣದ ಭಾಗವಲ್ಲ. ನೆಲದಡಿಯ ಸುಣ್ಣದ ಕಲ್ಲಿನಿಂದಾಗಿ ಶಹಾಬಾದಿಗೆ ನಿಜಾಮರ ಕಾಲದಲ್ಲೇ ಸಿಮೆಂಟ್ ಕಾರ್ಖಾನೆ ಬಂತು. 1968ರಲ್ಲಿ ವಾಡಿಯಲ್ಲಿ ಎಸಿಸಿ ಶುರುವಾಯಿತು. ಸೇಡಂ ತಾಲ್ಲೂಕಿನಲ್ಲಿ ಕುರಕುಂಟಾ, ಮಳಖೇಡ ಮತ್ತು ಸೇಡಂ ಪಟ್ಟಣಕ್ಕೂ ಕಾರ್ಖಾನೆಗಳು ಬಂದವು. ಕಲ್ಲು ಅರೆಯಲು, ಭಟ್ಟಿ ತಿರುಗಿಸಲು ಹಗಲಿರುಳು ವಿದ್ಯುತ್ ಬೇಕು. ಶಹಾಬಾದಿನ ಎಸಿಸಿ-ಬ್ಯಾಬ್‌ಕಾಕ್ ಕಾರ್ಖಾನೆಯಲ್ಲಂತೂ ವಿದ್ಯುತ್ ಸ್ಥಾವರಗಳಿಗೆ ಬೇಕಾದ ಬಾಯ್ಲರ್‌ಗಳೇ ತಯಾರಾಗುತ್ತಿದ್ದವು. ಬಾಯ್ಲರ್‌ಗೆ ಬೆಸುಗೆ ಹಾಕಿ ಸಂಜೆ ಹಳ್ಳಿಗೆ ಮರಳಿದ ಕಾರ್ಮಿಕನ ಮನೆಯಲ್ಲಿ ಸೀಮೆಎಣ್ಣೆ ದೀಪ ಉರಿಯುತ್ತಿದ್ದ ಕಾಲವೊಂದಿತ್ತು.

1956ರಲ್ಲಿ ನಾವು ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದೆವು. ಮರುವರ್ಷ ರಾಜ್ಯದ ವಿದ್ಯುಚ್ಛಕ್ತಿ ಮಂಡಳಿ ಸ್ಥಾಪನೆಯಾಯಿತು. ಊರಿಗೆ ತಂತಿ ಬಂದರೆ ಊರು ವಿದ್ಯುದೀಕರಣವಾಯಿತು ಎಂದು ಬರೆದುಕೊಳ್ಳುತ್ತಿದ್ದ ದಿನಗಳವು. ಕಂಬದಿಂದ ಮನೆಯೊಳಗೆ ಬರುವ ಆ ಹತ್ತು ಮಾರು ದೂರವೇ ಬಡವರಿಗೆ ದೊಡ್ಡದು. ಚಿಂಚೋಳಿಯ ಕೊಂಚಾವರಂ ಕಡೆಯ ಕಾಡಂಚಿನ ತಾಂಡಾಗಳಲ್ಲಿ ಆ ದೂರ ಇನ್ನೂ ಹೆಚ್ಚು.

ಆ ಹತ್ತು ಮಾರನ್ನು ದಾಟಿಸಿದ್ದು ರಾಜ್ಯದ ಭಾಗ್ಯಜ್ಯೋತಿ ಮತ್ತು 1988-89ರಲ್ಲಿ ಬಂದ ಕೇಂದ್ರದ ಕುಟೀರ ಜ್ಯೋತಿ. ಇವುಗಳ ಬಗ್ಗೆ ನನಗೆ ಗೌರವವಿದೆ, ಮೊದಲೇ ಹೇಳಿಬಿಡುತ್ತೇನೆ. ಆದರೆ ನಿಯಮವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮನೆಗೊಂದೇ ದೀಪ, ತಿಂಗಳಿಗೆ 18 ಯೂನಿಟ್ ಉಚಿತ. 40 ವ್ಯಾಟಿನ ಬಲ್ಬನ್ನು ದಿನಕ್ಕೆ 15 ಗಂಟೆ ಉರಿಸಿದರೆ 30 ದಿನಕ್ಕೆ ಸರಿಯಾಗಿ 18 ಯೂನಿಟ್ ಆಗುತ್ತದೆ. ಒಂದು ಬಲ್ಬಿಗೆ ಬೇಕಾದಷ್ಟಾಯಿತು. ಮಿತಿ ಮೀರಿದರೆ ಅಥವಾ ಎರಡನೆಯ ಪಾಯಿಂಟ್ ಕಂಡರೆ ಸಾಮಾನ್ಯ ಮನೆಯ ದರದಲ್ಲಿ ಬಿಲ್ಲು. ಇನ್ನು ಫ್ಯಾನಿನ ಲೆಕ್ಕ. 75 ವ್ಯಾಟಿನ ಫ್ಯಾನ್ ದಿನಕ್ಕೆ 10 ಗಂಟೆ ತಿರುಗಿದರೆ ತಿಂಗಳಿಗೆ ಇಪ್ಪತ್ತೆರಡೂವರೆ ಯೂನಿಟ್. ಅಂದರೆ ಒಂದು ಫ್ಯಾನೇ ಮಿತಿಯನ್ನು ದಾಟುತ್ತದೆ! ಬೇಸಿಗೆಯಲ್ಲಿ ನಲವತ್ತು ಡಿಗ್ರಿ ಮೀರುವ ನಮ್ಮ ಜಿಲ್ಲೆಯಲ್ಲಿ, ಫರ್ಸಿ ಹಾಸಿದ ಮನೆಯೊಳಗೆ ಕೂತು ಓದುವ ಹುಡುಗನಿಗೆ ಬೆಳಕಷ್ಟೇ ಸಾಕು, ಗಾಳಿ ಬೇಡ ಎಂದು ಯಾರೋ ತೀರ್ಮಾನಿಸಿದಂತಿತ್ತು. ಮುಂದೆ ಮಿತಿಯನ್ನು 40 ಯೂನಿಟ್‌ಗೆ ಏರಿಸಿದರು.

ಬಂಗಾರಪ್ಪನವರು ಮುಖ್ಯಮಂತ್ರಿಯಾಗಿದ್ದಾಗ ಹತ್ತು ಎಚ್.ಪಿ.ವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ಉಚಿತ ವಿದ್ಯುತ್ ಕೊಟ್ಟರು. ರೈತರಿಗೆ ಅದು ದೊಡ್ಡ ಆಸರೆ. ಆದರೆ ಬಾವಿ ಇದ್ದವರಿಗೆ ಮಾತ್ರ ಅದರ ಫಲ. ನಮ್ಮದು ತೊಗರಿಯ ನಾಡು. ತೊಗರಿ ಮಳೆಯನ್ನೇ ನಂಬಿದ ಬೆಳೆ. ಸರ್ಕಾರದ ಹಣ ಯಾವ ದಾರಿಯಲ್ಲಿ ಹರಿಯಬೇಕೆಂದು ತೀರ್ಮಾನಿಸುವಾಗ ಒಣಭೂಮಿಯವನು ಹೇಗೆ ದಾರಿಯ ಬದಿಗೆ ಉಳಿಯುತ್ತಾನೆ ಎನ್ನುವುದಕ್ಕೆ ಇದೊಂದು ಉದಾಹರಣೆ. 2002ರಲ್ಲಿ ನಮ್ಮ ಭಾಗಕ್ಕೆ ಜೆಸ್ಕಾಂ ಬಂತು. ನಂತರ ನಿರಂತರ ಜ್ಯೋತಿ ಯೋಜನೆಯಲ್ಲಿ ಪಂಪ್‌ಸೆಟ್‌ಗಳ ಫೀಡರ್ ಬೇರೆ, ಹಳ್ಳಿಯ ಮನೆಗಳ ಫೀಡರ್ ಬೇರೆ ಮಾಡಿದರು. ಪ್ರಚಾರ ಕಡಿಮೆ ಸಿಕ್ಕ ಕೆಲಸ. ನನ್ನನ್ನು ಕೇಳಿದರೆ, ಪರೀಕ್ಷೆಗೆ ಓದುವ ಮಕ್ಕಳಿಗೆ ಅದರಿಂದಾದ ಉಪಕಾರ ಉಚಿತ ಯೂನಿಟ್‌ಗಳಿಗಿಂತ ಕಡಿಮೆಯದಲ್ಲ. ಸಂಜೆ ಏಳಕ್ಕೆ ಕರೆಂಟೇ ಇಲ್ಲದಿದ್ದರೆ ಸೊನ್ನೆ ಬಿಲ್ಲಿನಿಂದ ಏನು ಪ್ರಯೋಜನ?

2023ರ ಆಗಸ್ಟ್ 5ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಗೃಹಜ್ಯೋತಿಗೆ ಚಾಲನೆ ಕೊಟ್ಟಿದ್ದು ನಮ್ಮ ಕಲಬುರಗಿಯಲ್ಲೇ. ಒಂದು ಬಲ್ಬಿನಿಂದ 200 ಯೂನಿಟ್‌ವರೆಗೆ ಬಂದ ಈ ದಾರಿ ಸಣ್ಣದಲ್ಲ. ಬಾಡಿಗೆದಾರರಿಗೂ ಸೌಲಭ್ಯ ಸಿಕ್ಕಿತು. ಆದರೆ 200 ಎನ್ನುವುದು ಮೇಲ್ಮಿತಿ ಮಾತ್ರ. ಪ್ರತಿ ಮನೆಯ ಪಾಲು ಬೇರೆ. 2022-23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ ಅದನ್ನು ನಿಗದಿ ಮಾಡಿದರು. 150 ಯೂನಿಟ್ ಬಳಸುತ್ತಿದ್ದ ಮನೆಗೆ 165, 40 ಬಳಸುತ್ತಿದ್ದ ಮನೆಗೆ 44. ಬಿ.ಇ. ಓದಿ ಸಾಫ್ಟ್‌ವೇರ್ ಬರೆಯುವ ನನಗೆ ಈ ಸೂತ್ರ ಚೆನ್ನಾಗಿ ಅರ್ಥವಾಗುತ್ತದೆ: ದುರ್ಬಳಕೆ ತಡೆಯಲು ಸುಲಭವಾದ ದಾರಿ ಅದು. ಆದರೆ ಹಿಂದೆ ಹೆದರಿ ಒಂದೇ ಬಲ್ಬು ಉರಿಸಿದವನ ಹೆದರಿಕೆಯೇ ಅವನ ಸರಾಸರಿಯಾಗಿ ದಾಖಲಾಯಿತು. ಈಗ ಫ್ಯಾನ್ ಕೊಂಡರೆ ಪಾಲು ಮೀರಿದ ಯೂನಿಟ್‌ಗಳಿಗೆ ಹಣ ಕೊಡಬೇಕು. 2024ರ ಜನವರಿಯಲ್ಲಿ ಸಚಿವ ಸಂಪುಟ ಕಡಿಮೆ ಬಳಸುವ ಮನೆಗಳಿಗೆ ಶೇ 10ರ ಬದಲು 10 ಯೂನಿಟ್ ಕೊಡಲು ನಿರ್ಧರಿಸಿತು. 44 ಇದ್ದದ್ದು 50 ಆಯಿತು. ಒಳ್ಳೆಯ ತಿದ್ದುಪಡಿ, ಫ್ಯಾನಿಗೆ ಇನ್ನೂ ಸಾಲದು.

ಗೃಹಜ್ಯೋತಿ ಹೆಸರೇ ಹೇಳುವಂತೆ ಗೃಹಗಳಿಗೆ, ಶಾಲೆಗಳಿಗಲ್ಲ. 2023ರ ರಾಜ್ಯೋತ್ಸವದ ದಿನ ಸರ್ಕಾರಿ ಶಾಲೆಗಳಿಗೂ ಉಚಿತ ವಿದ್ಯುತ್ ಮತ್ತು ಕುಡಿಯುವ ನೀರು ಕೊಡುವುದಾಗಿ ಮುಖ್ಯಮಂತ್ರಿ ಘೋಷಿಸಿದರು. ಈ ಸಂಚಿಕೆ ಓದುವ ಹಳೆಯ ವಿದ್ಯಾರ್ಥಿಗಳಿಗೆ ಅದರಿಂದ ಒಂದು ಕೆಲಸ ಹುಟ್ಟಿದೆ. ಬಿಲ್ಲಿನ ಭಾರ ಇಳಿದರೂ ಹಳೆಯ ವೈರಿಂಗು, ಹೆಚ್ಚಿನ ಹೊರೆ ತಾಳದ ಮೀಟರು, ಪ್ರಯೋಗಾಲಯದಲ್ಲಿ ಕಡಿಮೆ ಇರುವ ಪ್ಲಗ್ ಪಾಯಿಂಟುಗಳು ಹಾಗೆಯೇ ಉಳಿಯುತ್ತವೆ. ಕಮಾನು ಕಟ್ಟಲು ಎತ್ತುವ ದೇಣಿಗೆಯಲ್ಲಿ ಅರ್ಧವನ್ನಾದರೂ ಈ ಬೇಸಿಗೆ ರಜೆಯೊಳಗೆ ವೈರಿಂಗ್ ಬದಲಿಸಲು ಇಡೋಣ; ಪ್ರತಿ ಕೋಣೆಗೆ ಎಷ್ಟು ಫ್ಯಾನ್, ಎಷ್ಟು ಪಾಯಿಂಟ್ ಎಂಬ ಪಟ್ಟಿ ಮಾಡಿಕೊಡಲು ನಾನು ಸಿದ್ಧನಿದ್ದೇನೆ.